ತಾಯಂದಿರ ಗ್ರೂಪ್‌ನಲ್ಲಿ ಏನು ಕೇಳಬೇಕು, ಹೇಗೆ ಕೇಳಬೇಕು

ನಡುರಾತ್ರಿ ಮಗು ಎದೆ ಹಿಡಿಯುತ್ತಿಲ್ಲ, ಮನೆಯವರೆಲ್ಲ ಮಲಗಿದ್ದಾರೆ, ಆಗ ವಾಟ್ಸಾಪ್ ಗ್ರೂಪ್‌ನಲ್ಲಿ ಯಾರೋ "ನಂಗೂ ಹೀಗೇ ಆಗಿತ್ತು ಕಣೇ" ಅಂತ ಬರೆದರೆ ಅರ್ಧ ಭಾರ ಇಳಿಯುತ್ತದೆ. ಆ ಜೊತೆ ಖಂಡಿತ ಬೇಕು. ಔಷಧಿ ಮಾತ್ರ ಅಲ್ಲಿಂದ ಬೇಡ.

ಸೇರಿದ ಮೇಲೆ ಒಂದು ವಾರ ಸುಮ್ನೆ ಓದಿ. ಪೌಡರ್, ಲೇಹ್ಯ ಮಾರುವವರೇ ಜಾಸ್ತಿ ಇದ್ದಾರಾ, ಸಿಸೇರಿಯನ್ ಆದವರನ್ನೋ ಡಬ್ಬಿ ಹಾಲು ಕೊಡುವವರನ್ನೋ ಚುಚ್ಚಿ ಮಾತಾಡುತ್ತಾರಾ ಅಂತ ಗೊತ್ತಾಗುತ್ತದೆ. ಹಾಗಿದ್ದರೆ ಹೊರಗೆ ಬನ್ನಿ. ಸ್ಕ್ಯಾನ್ ರಿಪೋರ್ಟ್ ಕಳಿಸಿ, ಗಂಡೋ ಹೆಣ್ಣೋ ಹೇಳ್ತೀವಿ ಅನ್ನುವ ಕಡೆಯಿಂದಂತೂ ತಕ್ಷಣ ಬನ್ನಿ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಪ್ರಕಾರ ಅದು ಅಪರಾಧ.

ಇನ್ನು ಪ್ರಶ್ನೆ. "ಮಗು ಅಳ್ತಿದೆ, ಏನ್ ಮಾಡ್ಲಿ?" ಅಂದರೆ ರಾಶಿ ಉತ್ತರ ಬರುತ್ತದೆ, ಉಪಯೋಗಕ್ಕೆ ಬರುವುದು ಕಡಿಮೆ. ಹೀಗೆ ಬರೆಯಿರಿ: "ಮಗುವಿಗೆ 20 ದಿನ. ಎದೆಹಾಲು ಮಾತ್ರ. ದಿನಕ್ಕೆ ಏಳೆಂಟು ಸಲ ಉಚ್ಚೆ ಮಾಡುತ್ತೆ. ಜ್ವರ ಇಲ್ಲ. ಸಂಜೆ ಹೊತ್ತು ಮಾತ್ರ ಬಿಡದೆ ಅಳುತ್ತೆ. ನೀವೆಲ್ಲ ಹೇಗೆ ಸಮಾಧಾನ ಮಾಡ್ತಿದ್ರಿ?" ಉಚ್ಚೆಯ ಲೆಕ್ಕ ಯಾಕೆ ಅಂದರೆ, ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಹೋಗುತ್ತಿದ್ದು ತೂಕವೂ ಏರುತ್ತಿದ್ದರೆ ಸಾಮಾನ್ಯವಾಗಿ ಹಾಲು ಸಾಲುತ್ತಿದೆ ಅಂತಲೇ ಅರ್ಥ. ತೂಕ ಅಂಗನವಾಡಿಯಲ್ಲೇ ನೋಡಿಸಬಹುದು.

ಜೇನು ನೆಕ್ಕಿಸಿ, ಬಜೆ ತೇಯ್ದು ಕೊಡಿ, ಗ್ರೈಪ್ ವಾಟರ್ ಹಾಕಿ ಅಂತ ಹೇಳುವವರು ಇದ್ದೇ ಇರುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೂ ಕೇಳಬೇಡಿ. ಆರು ತಿಂಗಳವರೆಗೆ ಎದೆಹಾಲು ಸಾಕು, ನೀರೂ ಬೇಡ. ವರ್ಷ ತುಂಬುವ ತನಕ ಜೇನು ಬೇಡವೇ ಬೇಡ, ಅದರಿಂದ ಬಾಟುಲಿಸಂ ಅನ್ನುವ ಅಪಾಯದ ಕಾಯಿಲೆ ಬರಬಹುದು.

ಬಸುರಿಗೆ ರಕ್ತ ಹೋಗುತ್ತಿದೆ, ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗಿದೆ, ಹೊಟ್ಟೆಯಲ್ಲಿ ಮಗುವಿನ ಮಿಸುಕಾಟ ಕಡಿಮೆಯಾಗಿದೆ, ಅಥವಾ ಎಳೆಕೂಸಿಗೆ ಜ್ವರ ಬಂದಿದೆ, ಹಾಲೇ ಕುಡಿಯುತ್ತಿಲ್ಲ ಅಂದರೆ ಪೋಸ್ಟ್ ಹಾಕಿ ಉತ್ತರಕ್ಕೆ ಕಾಯಬೇಡಿ. ಆಸ್ಪತ್ರೆಗೆ ಹೊರಡಿ, ಗಾಡಿ ಇಲ್ಲದಿದ್ದರೆ 108.

ತಾಯಿ ಕಾರ್ಡ್ ಫೋಟೊ ಹಾಕುವಾಗ ಹೆಸರು, ನಂಬರ್ ಮುಚ್ಚಿ. ಅತ್ತೆ, ಗಂಡನ ವಿಷಯ ಹೇಳಿಕೊಳ್ಳಬೇಕಿದ್ದರೆ ಕೆಲವು ಫೇಸ್‌ಬುಕ್ ಗ್ರೂಪ್‌ಗಳಲ್ಲಿ ಹೆಸರು ಕಾಣದಂತೆ ಬರೆಯಬಹುದು. ಆದರೆ ಅಡ್ಮಿನ್‌ಗೆ ನೀವು ಯಾರಂತ ತಿಳಿಯುತ್ತದೆ, ನೆನಪಿರಲಿ.

ಹೆರಿಗೆಯಾದ ಹೊಸತರಲ್ಲಿ ಅಳು ಬರುವುದು ಸಹಜ. ಎರಡು ವಾರ ದಾಟಿದರೂ ನಿಲ್ಲದಿದ್ದರೆ, ಮಗುವಿನ ಮೇಲೆ ಮನಸ್ಸೇ ಹೋಗದಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಬೇರೆಯವರಿಗೂ ಬೇಕಾಗುತ್ತದೆ, ಅಡ್ಮಿನ್‌ಗೆ ಹೇಳಿ ಆ ನಂಬರ್ ಗ್ರೂಪ್‌ನಲ್ಲಿ ಪಿನ್ ಮಾಡಿಸಿ.