ಬೀಜಿಂಗ್‌ಗೆ ಹೊರಡುವ ಮುನ್ನ ನಂಬುವಂಥ ಮಾಹಿತಿ ಹುಡುಕುವುದು ಹೇಗೆ?

ಬೀಜಿಂಗ್‌ಗೆ ಹೋಗುವವರಲ್ಲಿ ಹೆಚ್ಚಿನವರು ಒಂದೇ ತಪ್ಪು ಮಾಡುತ್ತಾರೆ. ಗೂಗಲ್‌ನಲ್ಲಿ ಮೊದಲು ಸಿಕ್ಕ ಲೇಖನವನ್ನೇ ನಂಬಿ ಪ್ಲಾನ್ ಹಾಕುತ್ತಾರೆ. ಚಕ್ರವರ್ತಿಗಳ ಹಳೆಯ ಅರಮನೆ ಫರ್ಬಿಡನ್ ಸಿಟಿಗೆ ಹೋದರೆ ಬಾಗಿಲಲ್ಲಿ ಟಿಕೆಟ್ಟೇ ಕೊಡುವುದಿಲ್ಲ!

ಹಾಗಾಗಿ ಮೊದಲು ಬರಹದ ತಾರೀಖು ನೋಡಿ. ಕೋವಿಡ್‌ಗಿಂತ ಮುಂಚಿನದಾದರೆ ಅರಮನೆಯ ಕಥೆ ತಿಳಿಯಲು ಓದಿ. ಟಿಕೆಟ್ಟು, ದುಡ್ಡು, ವೀಸಾ ವಿಷಯಕ್ಕೆ ಬೇಡ.

ವೀಸಾಕ್ಕೆ ಚೀನಾ ರಾಯಭಾರ ಕಚೇರಿಯ ವೆಬ್‌ಸೈಟ್ ಸಾಕು. ‘ವೀಸಾನೇ ಬೇಡ’ ಎನ್ನುವ ಯೂಟ್ಯೂಬ್ ವಿಡಿಯೊಗಳು ಯುರೋಪಿನಂಥ ಬೇರೆ ದೇಶಗಳವರವು, ನಮಗಲ್ಲ. ಭಾರತೀಯರಿಗೆ ಟೂರಿಸ್ಟ್ ವೀಸಾ ಮತ್ತೆ ಶುರುವಾಗಿದ್ದೇ 2025ರ ಜುಲೈನಲ್ಲಿ.

ಇನ್ನು ಫರ್ಬಿಡನ್ ಸಿಟಿ. ಜನ ಜಾಸ್ತಿ ಮುಗ್ಗರಿಸುವುದು ಇಲ್ಲೇ. ಟಿಕೆಟ್ ಎಂದು ಹುಡುಕಿದರೆ ಏಜೆಂಟರ ಸೈಟುಗಳೇ ಮುಂದೆ ಬರುತ್ತವೆ, ‘ಅಫಿಶಿಯಲ್’ ಎಂಬ ಹಣೆಪಟ್ಟಿ ಬೇರೆ. ಬೆಲೆ ನೋಡಿ ಗುರುತು ಹಿಡಿಯಿರಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಪ್ರವೇಶ 60 ಯುವಾನ್, ಉಳಿದ ತಿಂಗಳಲ್ಲಿ 40. ಇದರ ಎರಡು ಮೂರು ಪಟ್ಟು ಕೇಳಿದರೆ ನಡುವೆ ಯಾರೋ ಇದ್ದಾರೆ ಎಂದೇ ಅರ್ಥ. ಈ ಅರಮನೆ ಈಗ ಮ್ಯೂಸಿಯಂ, ಅದರ ಸ್ವಂತ ಸೈಟಿನ ವಿಳಾಸ ‘ಡಿಪಿಎಂ ಡಾಟ್ ಆರ್ಗ್ ಡಾಟ್ ಸಿಎನ್’ ಎಂದು ಮುಗಿಯುತ್ತದೆ. ಟಿಕೆಟ್ ಬಿಡುವುದು ಏಳು ದಿನ ಮೊದಲು, ಅಲ್ಲಿನ ರಾತ್ರಿ 8ಕ್ಕೆ. ನಮ್ಮಲ್ಲಿ ಆಗ ಸಂಜೆ 5.30. ರಜೆಯ ಹೊತ್ತಿನಲ್ಲಿ ಬೇಗ ಖಾಲಿಯಾಗುತ್ತದೆ, ಪಾಸ್‌ಪೋರ್ಟ್ ಪಕ್ಕದಲ್ಲಿ ಇಟ್ಟುಕೊಂಡೇ ಕೂತಿರಿ. ನಂಬರಿನಲ್ಲಿ ಒಂದು ಅಕ್ಷರವೂ ತಪ್ಪಬಾರದು, ಗೇಟಿನಲ್ಲಿ ತೋರಿಸಬೇಕಾದ್ದು ಅದೇ ಪಾಸ್‌ಪೋರ್ಟ್. ಸೋಮವಾರ ಬೇಡ, ಸರ್ಕಾರಿ ರಜೆ ಇಲ್ಲದಿದ್ದರೆ ಅಂದು ಬಾಗಿಲು ಹಾಕಿರುತ್ತದೆ. ಒಳಗೆ ಬಿಡುವುದು ದಕ್ಷಿಣದ ಮೆರಿಡಿಯನ್ ಗೇಟಿನಿಂದ ಮಾತ್ರ. ಟ್ಯಾಕ್ಸಿಯವರು ಉತ್ತರದ ಗೇಟಿಗೆ ಬಿಟ್ಟರೆ ಕೋಟೆಗೆ ಅರ್ಧ ಸುತ್ತು ಹಾಕಬೇಕಾಗುತ್ತದೆ. ಎದುರಿನ ಟಿಯನಾನ್ಮೆನ್ ಚೌಕಕ್ಕೂ ಬೇರೆಯೇ ಬುಕಿಂಗ್ ಇದೆ, ಬಹಳ ಜನ ಇದನ್ನೇ ಮರೆಯುತ್ತಾರೆ.

ಅಕ್ಟೋಬರ್ ಮೊದಲ ವಾರ ಹೋಗಲೇಬೇಡಿ. ಚೀನಾಕ್ಕೆ ಚೀನಾವೇ ರಜೆಯಲ್ಲಿ ರಸ್ತೆಗಿಳಿದಿರುತ್ತದೆ.

ಗೂಗಲ್ ಮ್ಯಾಪ್ ಅಲ್ಲಿ ಸರಿಯಾಗಿ ತೆರೆಯುವುದಿಲ್ಲ. ತೆರೆದರೂ ಜಾಗಗಳು ನೂರಾರು ಮೀಟರ್ ಪಕ್ಕಕ್ಕೆ ಸರಿದು ಕಾಣಬಹುದು, ಚೀನಾದ ನಕ್ಷೆಗಳ ಲೆಕ್ಕವೇ ಬೇರೆ. ಇಂಗ್ಲಿಷ್‌ನಲ್ಲೂ ಸಿಗುವ ಚೀನಾದ ಮ್ಯಾಪ್ ಆ್ಯಪ್ ‘ಆಮ್ಯಾಪ್’ ಹಾಕಿಕೊಳ್ಳಿ. ಅಲ್ಲಿ ಫೋನಿನಿಂದಲೇ ದುಡ್ಡು ಕೊಡುವ ಆ್ಯಪ್ ಅಲಿಪೇಗೆ ಕಾರ್ಡ್ ಜೋಡಿಸುವ ಕೆಲಸವನ್ನೂ ಮನೆಯಲ್ಲೇ ಮುಗಿಸಿ. ಅಲ್ಲಿ ತಡೆಹಿಡಿದ ಗೂಗಲ್‌ನಂಥ ಸೈಟು ತೆರೆಯಲು ಬಳಸುವ ಫ್ರೀ ವಿಪಿಎನ್‌ಗಳನ್ನು ನಂಬಬೇಡಿ, ನಮ್ಮ ಸಿಮ್‌ನ ರೋಮಿಂಗ್ ಸಾಕಷ್ಟು ಕೆಲಸ ಮಾಡುತ್ತದೆ.

ಮಹಾಗೋಡೆಯನ್ನು ಮುಟಿಯನ್ಯು, ಬದಾಲಿಂಗ್‌ನಂಥ ಬೇರೆ ಬೇರೆ ಕಡೆ ಹತ್ತಬಹುದು, ನನ್ನ ಓಟು ಮುಟಿಯನ್ಯುಗೆ. ಬದಾಲಿಂಗ್‌ಗೆ ರೈಲಿದೆ ನಿಜ, ಆದರೆ ಸಂತೆಯಂಥ ಗದ್ದಲ. ಟೂರ್ ತೆಗೆದುಕೊಳ್ಳುವುದಾದರೆ ‘ಜೇಡ್ (ಹಸಿರು ಕಲ್ಲಿನ ಒಡವೆ) ಅಂಗಡಿಗೂ ಟೀ ಅಂಗಡಿಗೂ ನಿಲ್ಲಿಸುವುದಿಲ್ಲ’ ಎಂದು ದುಡ್ಡು ಕೊಡುವ ಮೊದಲೇ ಬರೆಸಿಕೊಳ್ಳಿ.