ಹೊಟ್ಟೆನೋವಿನ ಹಿಂದಿನ ಗಾಬರಿ: ಮಕ್ಕಳ ವೈದ್ಯನೊಬ್ಬನ ಅನುಭವ

ಶಾಲೆಯಿರುವ ದಿನ ಬೆಳಿಗ್ಗೆ ಮಾತ್ರ ಹೊಟ್ಟೆ ನೋಯುವ, ಭಾನುವಾರ ಏನೂ ಆಗದ ಮಕ್ಕಳಿಗೆ ಬಹಳ ಕಾಲ ಜಂತುಹುಳುವಿನ ಮಾತ್ರೆ ಬರೆದು ಕಳಿಸಿದವನು ನಾನು. 2022ರ ಅಕ್ಟೋಬರಿನಲ್ಲಿ ಅಮೆರಿಕದ ತಜ್ಞರ ಕಾರ್ಯಪಡೆಯೊಂದು, ಲಕ್ಷಣ ಕಾಣಿಸದಿದ್ದರೂ 8ರಿಂದ 18 ವರ್ಷದವರಲ್ಲಿ ಆತಂಕದ ಕಾಯಿಲೆಗಾಗಿ ತಪಾಸಣೆ ನಡೆಸಬೇಕೆಂದು ಶಿಫಾರಸು ಮಾಡಿದ ಮೇಲೆ ನಾನೂ ಪ್ರಶ್ನಾವಳಿ ಕೈಗೆತ್ತಿಕೊಂಡೆ. ಇನ್ನೂ ಚಿಕ್ಕ ಮಕ್ಕಳ ವಿಷಯದಲ್ಲಿ ಪುರಾವೆ ಸಾಲದೆಂದು ಅದೇ ವರದಿ ಹೇಳಿದ್ದರಿಂದ ಅವರನ್ನು ಬಿಟ್ಟೆ.

ಆರಿಸಿಕೊಂಡದ್ದು 'ಸ್ಕೇರ್ಡ್' ಎಂಬ ಪ್ರಶ್ನಾವಳಿಯನ್ನು. ಅದರಲ್ಲಿ 41 ಹೇಳಿಕೆಗಳಿವೆ. ಕಳೆದ 3 ತಿಂಗಳನ್ನು ನೆನೆದು ಪ್ರತಿಯೊಂದಕ್ಕೂ 0, 1 ಅಥವಾ 2 ಅಂಕ ಕೊಡಬೇಕು, ಒಟ್ಟು 25 ಮುಟ್ಟಿದರೆ ಕೂರಿಸಿ ವಿಚಾರಿಸಬೇಕು. ಮೊದಲ ಸಲ ಒಂದು ಶಾಲೆಯ ತರಗತಿಯಲ್ಲಿ ಎಲ್ಲರಿಗೂ ಒಟ್ಟಿಗೇ ಹಾಳೆ ಹಂಚಿ ಕೆಟ್ಟೆ. ಬೆಂಚಿನಲ್ಲಿ ಮೂವರು ಕುಳಿತಿದ್ದರು, ಮೂವರ ಉತ್ತರವೂ ಒಂದೇ ಆಗಿತ್ತು. ಸಾಲದ್ದಕ್ಕೆ ಮೇಷ್ಟ್ರು ಸಾಲುಗಳ ನಡುವೆ ಓಡಾಡುತ್ತ ಇಣುಕುತ್ತಿದ್ದರು. ಆ ಹಾಳೆಗಳನ್ನೆಲ್ಲ ಹರಿದುಹಾಕಿ, ಮುಂದೆ ಒಬ್ಬೊಬ್ಬರನ್ನೇ ಕರೆದು ನಾನೇ ಓದಿ ಹೇಳುವುದು, ಮಗು ಉತ್ತರದ ಮೇಲೆ ಬೆರಳಿಡುವುದು ಎಂದು ಗೊತ್ತುಮಾಡಿದೆ. 'ಆತಂಕ ಅಂದ್ರೇನು ಸಾರ್?' ಎಂದು ಒಬ್ಬ ಹುಡುಗ ಕೇಳಿದಂದಿನಿಂದ 'ಗಾಬರಿ' ಎನ್ನುತ್ತೇನೆ. ಹೀಗೆ ಪದ ಬದಲಿಸಿದರೆ 25ರ ಗಡಿಗೆ ಮೊದಲಿನ ಖಚಿತತೆ ಉಳಿಯುವುದಿಲ್ಲವೆಂಬ ಅರಿವು ನನಗಿದೆ. ಆದ್ದರಿಂದ ಅದನ್ನು ಎಚ್ಚರಿಕೆಯ ಗಂಟೆಯೆಂದಷ್ಟೇ ಎಣಿಸುತ್ತೇನೆ, ರೋಗನಿರ್ಣಯವೆಂದಲ್ಲ.

ತಂದೆತಾಯಿಯರ ಹಾಳೆಯೇ ಬೇರೆಯಿರುತ್ತದೆ, ಅದನ್ನು ಬೇರೆ ಕೋಣೆಯಲ್ಲೇ ತುಂಬಿಸಬೇಕು. 9ನೇ ತರಗತಿಯ ಹುಡುಗಿಯೊಬ್ಬಳ ತಾಯಿ ಕೊಟ್ಟ ಅಂಕ 11, ಮಗಳದ್ದು 34. 'ಇವಳಷ್ಟು ತಣ್ಣಗಿರುವ ಮಗು ನಮ್ಮ ಮನೆಯಲ್ಲೇ ಇಲ್ಲ' ಎಂದು ತಾಯಿ ಹೇಳಿದ್ದರು. ನಾಲ್ಕು ಜನ ನೋಡುವಾಗ ಏನಾದರೂ ಮಾಡಬೇಕಾಗಿ ಬರುವ ಹೇಳಿಕೆಗೆ ಬಂದಾಗ ಹುಡುಗಿಯ ಬೆರಳು 2ರ ಮೇಲೆ ನಿಂತುಬಿಟ್ಟಿತು. ಗಟ್ಟಿಯಾಗಿ ಪಾಠ ಓದಿಸುವ ದಿನ ವಾಂತಿಯಾದೀತೆಂಬ ಹೆದರಿಕೆಗೆ ಬುತ್ತಿಯನ್ನು ನಾಯಿಗೆ ಹಾಕುತ್ತಿದ್ದಳಂತೆ.

ರಕ್ತಹೀನತೆ, ಥೈರಾಯ್ಡ್ ನೋಡಿ, ಯಾರಾದರೂ ಪೀಡಿಸುತ್ತಿದ್ದಾರೆಯೇ, ಸಾಯುವ ಯೋಚನೆ ಬರುತ್ತದೆಯೇ ಎಂದು ಒಬ್ಬಳನ್ನೇ ಕೇಳಿ, ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ಬರೆದುಕೊಟ್ಟೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ನ 14416 ಸಂಖ್ಯೆಯನ್ನೂ ಚೀಟಿಯಲ್ಲಿ ಬರೆದೆ. ಮುಂದೆ ಕಳಿಸಲು ಜಾಗವಿಲ್ಲದ ಕಡೆ ಈ ತಪಾಸಣೆ ಮಾಡುವುದು ನನಗೆ ಒಪ್ಪಿತವಲ್ಲ. ಜಿಲ್ಲಾಸ್ಪತ್ರೆಯಲ್ಲಿ ಅವಳಿಗೆ ಮೊದಲು ಕನ್ನಡಿಯೆದುರು, ಆಮೇಲೆ ತಮ್ಮನೆದುರು, ಬಳಿಕ ಇಬ್ಬರು ಗೆಳತಿಯರೆದುರು ಓದುವ ಅಭ್ಯಾಸ ಮಾಡಿಸಿದರು.

ಕೆಲವು ತಿಂಗಳ ನಂತರ ಮತ್ತೆ ತುಂಬಿಸಿದಾಗ ಮಗಳ ಅಂಕ 22ಕ್ಕೆ ಇಳಿದಿತ್ತು. ತಾಯಿಯದು 19ಕ್ಕೆ ಏರಿತ್ತು. ಅವರು ಈಗ ದಿನವೂ ಬುತ್ತಿ ತೆರೆದು ನೋಡುತ್ತಿದ್ದರು.