ಟ್ವೆಂಟಿ ಟೂರರ್ ಒಂದರ ಹಿನ್ನೆಲೆ ಹುಡುಕಿದ್ದು

ಹಳೆ ಕಾರು ನಮ್ಮ ಗ್ಯಾರೇಜಿಗೆ ಬಂದರೆ ಜೊತೆಗೆ ಒಂದು ಕಥೆಯೂ ಬರುತ್ತದೆ. ಜಾಸ್ತಿ ಸಲ 'ಇದು ಮಹಾರಾಜರ ಕಾರು' ಅನ್ನುವುದೇ. ನನ್ನ ಕೈಗೆ ಬಂದ ರೋಲ್ಸ್ ರಾಯ್ಸ್ ಟ್ವೆಂಟಿ ಟೂರರ್ (ಗಟ್ಟಿ ಚಾವಣಿಯಿಲ್ಲದ ತೆರೆದ ಕಾರು) ಬಗ್ಗೆಯೂ ಹಾಗೇ ಹೇಳಿದರು.

ಟ್ವೆಂಟಿ ತಯಾರಾಗಿದ್ದು 1922ರಿಂದ 1929ರವರೆಗೆ, ಇಂಗ್ಲೆಂಡಿನ ಡರ್ಬಿಯಲ್ಲಿ. ಆರು ಸಿಲಿಂಡರ್, 3,127 ಸಿಸಿ. ಡ್ರೈವರ್ ಇಟ್ಟುಕೊಳ್ಳದೆ ತಾವೇ ಓಡಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಚಿಕ್ಕ ರೋಲ್ಸ್ ಅದು. ಆಗ ಕಂಪನಿ ಕೊಡುತ್ತಿದ್ದದ್ದು ಷಾಸಿ, ಅಂದರೆ ಎಂಜಿನ್, ಚಕ್ರಗಳಿರುವ ಕೆಳಗಿನ ಚೌಕಟ್ಟು ಮಾತ್ರ. ಬಾಡಿಯನ್ನು ಬಾರ್ಕರ್, ಹೂಪರ್ ತರಹದ ಬಾಡಿ ಕಟ್ಟುವ ಕಂಪನಿಗಳ ಹತ್ತಿರ ಕಟ್ಟಿಸಿಕೊಳ್ಳಬೇಕಿತ್ತು. ಹಾಗಾಗಿ ಷಾಸಿಯ ಚರಿತ್ರೆ ಬೇರೆ, ಬಾಡಿಯದ್ದು ಬೇರೆ. ಎರಡನ್ನೂ ಬಿಡಿಬಿಡಿಯಾಗಿ ನೋಡಬೇಕು.

ಷಾಸಿ ಸುಲಭ. ಗೇರ್ ಲಿವರ್ ನಡುವೆ ಇತ್ತು, ಮೂರೇ ಗೇರ್, ಬ್ರೇಕ್ ಹಿಂದಿನ ಚಕ್ರಗಳಿಗೆ ಮಾತ್ರ. 1925ರಲ್ಲಿ ನಾಲ್ಕು ಗೇರ್ ಬಂತು, ಲಿವರ್ ಬಲಗಡೆಗೆ ಹೋಯಿತು, ಮುಂದಿನ ಚಕ್ರಕ್ಕೂ ಬ್ರೇಕ್ ಬಂತು. ಅಂದರೆ ಇದು ಅದಕ್ಕೂ ಮುಂಚಿನದು. ರೇಡಿಯೇಟರ್ ಮುಂದಿನ ಪಟ್ಟಿಗಳು ಅಡ್ಡಡ್ಡ ಇದ್ದದ್ದೂ ಇದಕ್ಕೆ ಹೊಂದುತ್ತಿತ್ತು.

ಬಾಡಿ ಮಾತ್ರ ಚೆನ್ನಾಗಿ ಕೆಲಸ ಕೊಟ್ಟಿತು. ನೆಲದ ಹಲಗೆ ಬಿಚ್ಚಿ, ಟಾರ್ಚ್ ಹಿಡಿದು ಮಲಗಿ ನೋಡಿದೆ. ಬಾಗಿಲ ಪಕ್ಕದ ಮರದ ಕಂಬದ ತುದಿಯಲ್ಲಿ ಗರಗಸದ ಗೀರುಗಳು ಕಂಡವು. ಬೆರಳಾಡಿಸಿದರೆ ಒರಟೊರಟು. ಕಂಬ ಮೊದಲು ಇನ್ನೂ ಎತ್ತರವಿತ್ತು, ಮೇಲೆ ಚಾವಣಿಯನ್ನು ಹೊತ್ತಿತ್ತು! ಹಿಂಭಾಗದ ಚೌಕಟ್ಟಿನ ಮರವೇ ಬೇರೆ, ಮುಂದಿನದ್ದು ಆ್ಯಶ್ ಅನ್ನುವ ಮರ, ಇದು ತೇಗ. ಮುಚ್ಚಿದ ಕಾರನ್ನು ಯಾರೋ ಕೊಯ್ದು ಟೂರರ್ ಮಾಡಿದ್ದರು.

ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಎಂಥೂಸಿಯಾಸ್ಟ್ಸ್ ಕ್ಲಬ್ಬಿನಲ್ಲಿ ಹಳೆ ಷಾಸಿ ಕಾರ್ಡುಗಳು, ಅಂದರೆ ಒಂದೊಂದು ಷಾಸಿಯ ವಿವರ ಬರೆದಿಟ್ಟ ದಾಖಲೆಗಳು ಇವೆ. ನಂಬರ್ ಕೊಟ್ಟು ತರಿಸಿದೆ. ಬಾಡಿಯ ಜಾಗದಲ್ಲಿ ಲಿಮೊಸಿನ್, ಅಂದರೆ ಚಾವಣಿಯಿರುವ ಮುಚ್ಚಿದ ಕಾರು ಅಂತಿತ್ತು. ಕೊಂಡವರು ಅಲ್ಲಿನ ಒಬ್ಬ ಡಾಕ್ಟರು. ರಾಜರ ಸುದ್ದಿಯೇ ಇಲ್ಲ.

ಮಾಲೀಕರಿಗೆ ಬೇಜಾರಾಯಿತು. "ಮೊದಲಿಂದಲೂ ಟೂರರ್ ಅಂತಲೇ ಬರೆದುಬಿಡಿ, ಯಾರು ನೋಡ್ತಾರೆ?" ಅಂದರು. ಆಗೋಲ್ಲ ಸಾರ್ ಅಂದೆ. ಹಾಗಂತ ಟೂರರ್ ಬಾಡಿ ಕಿತ್ತು ಹೊಸದಾಗಿ ಲಿಮೊಸಿನ್ ಕಟ್ಟುವುದಕ್ಕೂ ನನಗೆ ಮನಸ್ಸಿಲ್ಲ. ತೇಗದ ಕೆಲಸ ಮಾಡಿದ ಬಡಗಿಯ ಕೈ ತುಂಬಾ ಒಳ್ಳೆಯದು. ಅದೂ ಈ ಕಾರಿನದ್ದೇ ಚರಿತ್ರೆ, ಅಲ್ವಾ?

ಕೊನೆಗೆ ಅವರೂ ಒಪ್ಪಿದರು. ಗರಗಸದ ಗುರುತಿಗೆ ಪಾಲಿಶ್ ಹಚ್ಚಲಿಲ್ಲ. ಅದರ ಫೋಟೋ ಮತ್ತು ಕಾರ್ಡಿನ ಪ್ರತಿ ಈಗ ಕಾರಿನ ಫೈಲಿನಲ್ಲಿವೆ.